ಮೇಲಿನ ಶ್ರೇಣಿ, ದೊಡ್ಡ ಕ್ರೀಡಾಂಗಣ: ಬೆಂಗಳೂರಿನ ಕಾಲ್ಚೆಂಡು ಕ್ಲಬ್ಬುಗಳ ವರಮಾನ

ಕಾಲ್ಚೆಂಡಿನ ಕ್ಲಬ್ಬೊಂದು ಕೆಳಗಿನ ಶ್ರೇಣಿಯಿಂದ ಮೇಲಿನ ಶ್ರೇಣಿಗೆ ಏರಿ, ಕಿರಿದಾದ ಅಂಗಳವನ್ನು ಬಿಟ್ಟು ವಿಶಾಲವಾದ ಕ್ರೀಡಾಂಗಣಕ್ಕೆ ಹೋದರೆ, ಅದರ ವರಮಾನ ಎಷ್ಟು ಹೆಚ್ಚೀತು, ಯಾವ ಬಾಬುಗಳಲ್ಲಿ ಹೆಚ್ಚೀತು? ಇದು ಆಟದ ಅಭಿಮಾನಿಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಡೆತನ, ಬಾಡಿಗೆ, ಹಕ್ಕು, ಪಾಲು ಎಂಬ ಮಾತುಗಳು ಬಂದೆಡೆ ಇತಿಹಾಸದ ವಿದ್ಯಾರ್ಥಿಗೂ ಸ್ವಲ್ಪ ಕೆಲಸವುಂಟು. ಬೆಂಗಳೂರಿನ ಕ್ಲಬ್ಬುಗಳ ಅನುಭವವನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ವರಮಾನವೇನೋ ಹೆಚ್ಚುತ್ತದೆ, ಆದರೆ ಹೆಚ್ಚಿದುದೆಲ್ಲವೂ ಕ್ಲಬ್ಬಿನ ಕೈಸೇರುವುದೆಂದು ಹೇಳಲಾಗದು ಎಂಬುದು ನಮಗೆ ಕಂಡುಬಂದ ಸಂಗತಿ.

ಬೆಂಗಳೂರಿಗೆ ಈ ಆಟ ಹೊಸದಲ್ಲ. 1937ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಸ್ವಾತಂತ್ರ್ಯಾನಂತರ ಹಿಂದುಸ್ತಾನ್ ಏರೋನಾಟಿಕ್ಸ್, ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ಯಮಗಳ ತಂಡಗಳು ನಗರದ ಆಟವನ್ನು ಪೋಷಿಸಿದುವು. ಅಲ್ಲಿ ಆಟಗಾರನೆಂದರೆ ಕಾರ್ಖಾನೆಯ ನೌಕರ; ಅವನ ಸಂಬಳ ಕಾರ್ಖಾನೆಯ ಲೆಕ್ಕದಲ್ಲಿ ಹೋಗುತ್ತಿದ್ದಿತು. ಟಿಕೆಟ್ಟಿನ ಹಣದಿಂದ ತಂಡವನ್ನು ಸಾಕಬೇಕಾದ ಪ್ರಮೇಯವೇ ಒದಗಿರಲಿಲ್ಲ. 2010ರಲ್ಲಿ ಹೆಚ್.ಎ.ಎಲ್. ತಂಡ ಎರಡನೆಯ ದರ್ಜೆಯಿಂದ ಐ-ಲೀಗಿಗೆ ಬಡ್ತಿ ಪಡೆದಾಗಲೂ ಅದು ಕಾರ್ಖಾನೆಯ ತಂಡವಾಗಿಯೇ ಉಳಿಯಿತು. ಎರಡು ಋತುಗಳು ಕಳೆಯುವಷ್ಟರಲ್ಲಿ, 2012ರಲ್ಲಿ, ಮತ್ತೆ ಕೆಳಗಿಳಿಯಿತು. ಪೋಷಕನು ಕೊಡುವ ಹಣ ತಂಡದ ಶ್ರೇಣಿಯನ್ನು ನೋಡಿ ಏರುವಂಥದಲ್ಲ. ಬಡ್ತಿಯೊಂದೇ ವರಮಾನವನ್ನು ತಂದುಕೊಡಲಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

2013ರಲ್ಲಿ ಜೆ.ಎಸ್.ಡಬ್ಲ್ಯು. ಸಮೂಹ ಬೆಂಗಳೂರು ಎಫ್.ಸಿ.ಯನ್ನು ಸ್ಥಾಪಿಸಿತು. ಈ ಕ್ಲಬ್ಬು ಆಡಿ ಬಡ್ತಿ ಪಡೆದುದಲ್ಲ. ಐ-ಲೀಗಿಗೆ ನೇರ ಪ್ರವೇಶ ದೊರೆಯಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೂ ಅರ್ಜಿಯ ಮೂಲಕವೇ ಸೇರಿತು. ಮೊದಲ ಋತುವನ್ನು ಅದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಅದೇ ವರ್ಷ ಲೀಗನ್ನು ಗೆದ್ದು, 2014ರಲ್ಲಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಮೊದಲನೆಯದರಲ್ಲಿ ಎಂಟು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಜನ ಕೂರಬಹುದು. ಎರಡನೆಯದರಲ್ಲಿ ಸುಮಾರು 25 ಸಾವಿರ. ಸ್ಥಳ ಮೂರು ಪಟ್ಟಾಯಿತು. ಹಾಗಾದರೆ ಟಿಕೆಟ್ಟಿನ ಉತ್ಪತ್ತಿಯೂ ಮೂರು ಪಟ್ಟಾಯಿತೆ?

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕುವುದು ಲೇಸು. 2013–14ರ ಐ-ಲೀಗಿನಲ್ಲಿ 13 ತಂಡಗಳಿದ್ದುವು. ಪ್ರತಿ ಕ್ಲಬ್ಬಿಗೂ ತವರಿನಲ್ಲಿ 12 ಪಂದ್ಯಗಳು. ಎಂದರೆ, ಋತುವಿಗೆ ಮಾರಬಹುದಾಗಿದ್ದ ಆಸನಗಳು ಸುಮಾರು ಒಂದು ಲಕ್ಷ. ಮುಂದಿನ ಋತುವಿನಲ್ಲಿ ತಂಡಗಳು 11ಕ್ಕೆ ಇಳಿದುವು. ತವರಿನ ಪಂದ್ಯಗಳು 10, ಆಸನಗಳು ಎರಡೂವರೆ ಲಕ್ಷ. 2015–16ರಲ್ಲಿ ತಂಡಗಳು ಒಂಬತ್ತೇ. ಪಂದ್ಯಗಳು 8, ಆಸನಗಳು ಎರಡು ಲಕ್ಷ. 2016–17ರಲ್ಲಿ ಹತ್ತು ತಂಡಗಳು, ತವರಿನಲ್ಲಿ 9 ಪಂದ್ಯಗಳು. ಇನ್ನು ಕ್ಲಬ್ಬು ಸೂಪರ್ ಲೀಗಿಗೆ ಹೋದ 2017–18ರಲ್ಲಿ? ಅಲ್ಲಿಯೂ ಹತ್ತು ತಂಡಗಳು. ಲೀಗಿನ ಹಂತದಲ್ಲಿ ತವರಿನ ಪಂದ್ಯಗಳು ಮತ್ತೆ 9. ಸ್ಥಳಾಂತರದಿಂದ ಮಾರಾಟದ ಆಸನಗಳು ಇಮ್ಮಡಿಗಿಂತ ಹೆಚ್ಚಾದುವು. ಶ್ರೇಣಿಯ ಬದಲಾವಣೆಯಿಂದ ಒಂದೇ ಒಂದು ಪಂದ್ಯವೂ ಕೂಡಿಕೊಳ್ಳಲಿಲ್ಲ. ವರಮಾನದ ಚರ್ಚೆಗಳಲ್ಲಿ ಪಂದ್ಯಗಳ ಸಂಖ್ಯೆಯನ್ನು ಯಾರೂ ಕೇಳದಿರುವುದು ನಮಗೆ ಅಚ್ಚರಿ.

ಅಲ್ಲದೆ ಆಸನವಿದ್ದ ಮಾತ್ರಕ್ಕೆ ಅದು ಮಾರಾಟವಾಗುವುದೆಂದಲ್ಲ. ಎಂಟು ಸಾವಿರ ಜನ ಬಂದರೆ ಚಿಕ್ಕ ಅಂಗಳ ತುಂಬಿ ತುಳುಕುತ್ತದೆ, ಮುಂದಿನ ಪಂದ್ಯದ ಟಿಕೆಟ್ಟಿಗೆ ಆತುರ ಹುಟ್ಟುತ್ತದೆ. ಅದೇ ಎಂಟು ಸಾವಿರ ಕಂಠೀರವದಲ್ಲಿ ಮೂರನೆಯ ಒಂದು ಪಾಲು. ಆದಕಾರಣ ದೊಡ್ಡ ಕ್ರೀಡಾಂಗಣದ ಪ್ರಯೋಜನ ಸಾಮಾನ್ಯ ಪಂದ್ಯಗಳಿಗಿಂತ ದೊಡ್ಡ ಪಂದ್ಯಗಳಲ್ಲಿಯೇ ವ್ಯಕ್ತವಾಗುವುದು ಸಹಜ. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ, ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ಬೆಂಬ ಹೆಸರನ್ನು ಬೆಂಗಳೂರು ಗಳಿಸಿದುದು ಕಂಠೀರವದಲ್ಲಿಯೇ. ಹೀಗೆ ಲೀಗಿನ ಹೊರಗಿನ ಪಂದ್ಯಗಳಿಂದ ಬರುವ ಉತ್ಪತ್ತಿ ಶ್ರೇಣಿಯ ಫಲವಲ್ಲ, ಗೆಲುವಿನ ಫಲ.

ಆಸನಗಳ ಸಂಖ್ಯೆಗಿಂತ ಅವುಗಳ ದರ್ಜೆ ಮುಖ್ಯವೆಂಬುದಕ್ಕೆ ಲಂಡನ್ನಿನ ಆರ್ಸೆನಲ್ ಕ್ಲಬ್ಬು ಸಾಕ್ಷಿ. 2006ರಲ್ಲಿ ಅದು 38 ಸಾವಿರ ಆಸನಗಳ ಹೈಬರಿಯಿಂದ 60 ಸಾವಿರದ ಹೊಸ ಕ್ರೀಡಾಂಗಣಕ್ಕೆ ಹೋದಾಗ ಆಸನಗಳು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾದುವು. ಪಂದ್ಯದ ದಿನದ ಉತ್ಪತ್ತಿಯಾದರೋ ಸುಮಾರು 4.4 ಕೋಟಿ ಪೌಂಡುಗಳಿಂದ 9 ಕೋಟಿಗೇರಿತು. ಊಟೋಪಚಾರಗಳೊಡನೆ ದುಬಾರಿ ದರಕ್ಕೆ ಮಾರುವ ಆಸನಗಳೇ ಈ ಏರಿಕೆಗೆ ಬಹುಮಟ್ಟಿನ ಕಾರಣ. ಕ್ರೀಡಾಂಗಣ ಅದರ ಸ್ವಂತದ್ದಾದುದರಿಂದ ಅಂಥ ಆಸನಗಳನ್ನು ಕಟ್ಟಿಸಲು ಅದಕ್ಕೆ ಸಾಧ್ಯವಾಯಿತು.

ಬೆಂಗಳೂರಿನ ಕ್ಲಬ್ಬಿನ ಸ್ಥಿತಿ ಹಾಗಲ್ಲ. ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯ ಸ್ವತ್ತು. ಅಲ್ಲಿ ಮೈದಾನದ ಸುತ್ತ ಓಟದ ಪಥವಿದೆ, ಓಟಗಾರರ ನಿತ್ಯದ ಅಭ್ಯಾಸವಿದೆ. ಕಾಲ್ಚೆಂಡಿನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂಬ ಅವರ ಆಕ್ಷೇಪ ಬೆಳೆದು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ಆಕ್ಷೇಪ ನಿರಾಧಾರವೆಂದು ನಾವು ಭಾವಿಸುವುದಿಲ್ಲ; ಸಾರ್ವಜನಿಕ ಸ್ವತ್ತಿನಲ್ಲಿ ಅವರಿಗೂ ಹಕ್ಕುಂಟು. ಕ್ಲಬ್ಬಿನ ದೃಷ್ಟಿಯಿಂದ ನೋಡಿದರೆ ಅದರ ಪಾಡು ಗೇಣಿದಾರನ ಪಾಡು. ಹೊಲ ದೊಡ್ಡದಾದರೆ ಬೆಳೆ ಹೆಚ್ಚೀತು, ನಿಜ. ಆದರೆ ಬಾವಿ ತೋಡಿಸಲು, ಬದು ಹಾಕಿಸಲು ಗೇಣಿದಾರನು ಹಿಂದೆಗೆಯುತ್ತಾನೆ. ಬರುವ ವರ್ಷ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ಎಂಬ ಶಂಕೆ ಅವನಿಗೆ ತಪ್ಪದು.

ಇನ್ನು ಶ್ರೇಣಿಯ ವಿಚಾರ. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬು 2020ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋಗಿ, ಮರುವರ್ಷವೇ ಅತ್ಯುನ್ನತ ಶ್ರೇಣಿಗೆ ಬಡ್ತಿ ಪಡೆಯಿತು. ಅದರ ವಾರ್ಷಿಕ ವರಮಾನ ಸುಮಾರು 1.5 ಕೋಟಿ ಪೌಂಡುಗಳಿಂದ 14 ಕೋಟಿಗೆ ಹಾರಿತು. ಹಿಂದಿನ ವರ್ಷ ಕೋವಿಡ್ ಸಾಂಕ್ರಾಮಿಕದಿಂದಾಗಿ ಪ್ರೇಕ್ಷಕರಿಲ್ಲದೆ ಹೋದುದನ್ನು ಲೆಕ್ಕಕ್ಕೆ ಹಿಡಿದರೂ, ಏರಿಕೆಯ ಬಹುಪಾಲು ಕ್ರೀಡಾಂಗಣದ್ದಲ್ಲ. ಪ್ರಸಾರದ ಹಕ್ಕಿನ ಪಾಲು. ಅಲ್ಲಿ ಲೀಗೆಂಬುದು ಕ್ಲಬ್ಬುಗಳದೇ ಸಂಸ್ಥೆ. ಹಕ್ಕನ್ನು ಮಾರಿದ ಹಣವನ್ನು ಅವುಗಳೇ ಹಂಚಿಕೊಳ್ಳುತ್ತವೆ.

ನಮ್ಮಲ್ಲಿ ಹೇಗೆ? ಚಿತ್ರದುರ್ಗ ಜಿಲ್ಲೆಯ ಮಾಡದಕೆರೆಯಲ್ಲಿ ಕಾಲ್ಚೆಂಡಿನ ಪ್ರೇಮಿಯೊಬ್ಬನಿದ್ದಾನೆಂದು ಊಹಿಸೋಣ. ಆಟ ನೋಡಲೆಂದು ಅವನು ವಾರದ ನಡುವೆ ಬೆಂಗಳೂರಿಗೆ ಬರಲಾರ. ದೂರದರ್ಶನದಲ್ಲಿಯೋ ಕೈಫೋನಿನಲ್ಲಿಯೋ ನೋಡುತ್ತಾನೆ. ಅವನು ಕೊಡುವ ಚಂದಾ ಪ್ರಸಾರ ಸಂಸ್ಥೆಗೆ, ಅಲ್ಲಿಂದ ಹಕ್ಕಿನ ಒಡೆಯರಿಗೆ, ಅವರ ಖರ್ಚು ಕಳೆದು ಉಳಿದುದು ಕ್ಲಬ್ಬುಗಳಿಗೆ. 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗಳಿಗೆ, ರಿಲಯನ್ಸ್ ಮತ್ತು ಐ.ಎಂ.ಜಿ. ಕೂಟಕ್ಕೆ ವಹಿಸಿಕೊಟ್ಟಿತ್ತು. ಸೂಪರ್ ಲೀಗು ಹುಟ್ಟಿದುದು ಈ ಒಪ್ಪಂದದ ಆಧಾರದ ಮೇಲೆ. ಅದನ್ನು ಅರ್ಜಿಯ ಮೂಲಕ ಸೇರಿದ ಕ್ಲಬ್ಬುಗಳು ವರ್ಷ ವರ್ಷವೂ ಶುಲ್ಕ ತೆತ್ತು, ಸಾಮಾನ್ಯ ನಿಧಿಯಿಂದ ಪಾಲು ಪಡೆಯುವ ಏರ್ಪಾಟಾಯಿತು. ಒಂದು ಕೈಯಿಂದ ಬಂದುದು ಇನ್ನೊಂದು ಕೈಯಿಂದ ಹೋಗುವ ಈ ಲೆಕ್ಕದಲ್ಲಿ ಶ್ರೇಣಿಯ ಏರಿಕೆ ಎಷ್ಟು ಲಾಭವೆಂದು ಹೇಳುವುದು ಸುಲಭವಲ್ಲ. ಮಧ್ಯಯುಗದ ನಮ್ಮ ಶಾಸನಗಳಲ್ಲಿ ಸಂತೆಯನ್ನು ಕಟ್ಟಿ ಬೆಳೆಸಿದ ಪಟ್ಟಣಸ್ವಾಮಿಗಳಿಗೆ ಭೂಮಿಯನ್ನೋ ಸುಂಕದ ವಿನಾಯಿತಿಯನ್ನೋ ಬಿಟ್ಟುಕೊಟ್ಟ ಉಲ್ಲೇಖಗಳು ಬರುತ್ತವೆ. ಜನರನ್ನು ಕೂಡಿಸುವವನಿಗೆ ಉತ್ಪತ್ತಿಯಲ್ಲಿ ಪಾಲಿರಬೇಕೆಂಬ ತಿಳಿವಳಿಕೆ ಅಂದಿನವರಿಗಿದ್ದಿತು.

ಆಡಿ ಗೆದ್ದು ಬಡ್ತಿ ಪಡೆಯುವ ಪದ್ಧತಿ ಸೂಪರ್ ಲೀಗಿನಲ್ಲಿ ಜಾರಿಗೆ ಬಂದುದು 2023ರಲ್ಲಿ. ಹಾಗೆ ಮೇಲೇರಿದ ಮೊದಲ ಕ್ಲಬ್ಬು ಪಂಜಾಬ್ ಎಫ್.ಸಿ. ಅದಕ್ಕೆ ಪ್ರವೇಶದ ಶುಲ್ಕವಿರಲಿಲ್ಲ. ಆದರೆ ಅದು ಪಂಚಕುಲದ ಅಂಗಳವನ್ನು ಬಿಟ್ಟು ದೆಹಲಿಯ ವಿಶಾಲವಾದ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳನ್ನಾಡಬೇಕಾಯಿತು. ತನ್ನ ಜನರಿಂದ ಇನ್ನೂರು ಕಿಲೋಮೀಟರಿಗೂ ದೂರ ಹೋದ ಕ್ಲಬ್ಬಿಗೆ ಹೆಚ್ಚುವರಿ ಆಸನಗಳಿಂದ ಏನು ಪ್ರಯೋಜನ?

2025ರ ಏಪ್ರಿಲಿನಲ್ಲಿ ಬೆಂಗಳೂರು ಎಫ್.ಸಿ. ಸೂಪರ್ ಲೀಗಿನ ಅಂತಿಮ ಪಂದ್ಯವನ್ನಾಡಿತು. ಅದೇ ಆಗಸ್ಟಿನಲ್ಲಿ, ಮೇಲೆ ಹೇಳಿದ 15 ವರ್ಷಗಳ ಒಪ್ಪಂದ ಮುಗಿಯುತ್ತ ಬಂದು ಮುಂದಿನ ಲೀಗೇ ಅನಿಶ್ಚಿತವಾದಾಗ, ತನ್ನ ಹಿರಿಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಇತ್ತ ಎಸ್.ಸಿ. ಬೆಂಗಳೂರು ಎಂಬ ಇನ್ನೊಂದು ಕ್ಲಬ್ಬು 2024ರಲ್ಲಿ ಐ-ಲೀಗಿಗೆ ಬಡ್ತಿ ಪಡೆದು, ಒಂದೇ ಋತುವಿನಲ್ಲಿ ಕೆಳಗಿಳಿಯಿತು.

ಈ ಕ್ಲಬ್ಬುಗಳ ಆಯವ್ಯಯವನ್ನು ವಿವರವಾಗಿ ಅಭ್ಯಸಿಸುವವರು ಟಿಕೆಟ್ಟು, ಪ್ರಾಯೋಜಕರು, ಸಾಮಾನ್ಯ ನಿಧಿ ಎಂಬ ಮೂರು ಬಾಬುಗಳನ್ನು ಬೇರೆ ಬೇರೆಯಾಗಿ ಎತ್ತಿ ಬರೆಯಬೇಕು. ಕ್ರೀಡಾಂಗಣದ ಬಾಡಿಗೆಯನ್ನೂ ಲೀಗಿನ ಶುಲ್ಕವನ್ನೂ ಅವುಗಳ ಎದುರಿಗೇ ಕಾಣಿಸಬೇಕು. ಕಾರ್ಖಾನೆಯ ತಂಡಗಳ ಹಳೆಯ ಕಡತಗಳು ಇನ್ನೂ ಉಳಿದಿದ್ದರೆ ಅವನ್ನು ಮೊದಲು ನೋಡಬೇಕು.