ಸಾರ್ವಜನಿಕ ಸೇವೆಗಳ ಫಲಿತಾಂಶ ಸೂಚಕಗಳು: ಅರ್ಜಿದಾರರ ತಿಳಿವಳಿಕೆಗಾಗಿ

1. ಪೀಠಿಕೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪಟ್ಟಣಗಳ ಮತ್ತು ಅವುಗಳ ಸುತ್ತಲಿನ ಗ್ರಾಮಗಳ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಿಂಚಣಿ, ಖಾತಾ ಬದಲಾವಣೆ, ನಳದ ಸಂಪರ್ಕ ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುತ್ತಿರುತ್ತಾರೆ. ಕಚೇರಿಯೊಂದರ ಕಾರ್ಯನಿರ್ವಹಣೆಯನ್ನು ಅಳೆಯಲು ಬಳಸುವ ಅಂಕಿ ಅಂಶಗಳನ್ನು ಸೂಚಕಗಳೆಂದು ಕರೆಯಲಾಗುತ್ತದೆ. ಎಂತಹ ಸೂಚಕವನ್ನು ಆಯ್ಕೆ ಮಾಡಲಾಗಿದೆ ಎಂಬುದರ ಮೇಲೆ ಅರ್ಜಿದಾರರ ಕಷ್ಟವು ವರದಿಯಲ್ಲಿ ಕಾಣುವುದೋ ಮರೆಯಾಗುವುದೋ ನಿರ್ಧಾರವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸಾರ್ವಜನಿಕರು ಅರಿತಿರುವುದು ಅವಶ್ಯಕವಾಗಿದೆ.

2. ಮೂರು ಬಗೆಯ ಸೂಚಕಗಳು

ಅ) ಒದಗಿಸಿದ ಸಾಧನಗಳು: ಸಿಬ್ಬಂದಿ, ಅನುದಾನ, ಗಣಕಯಂತ್ರಗಳ ಸಂಖ್ಯೆ.
ಆ) ಮಾಡಿದ ಕೆಲಸ: ವಿಲೇವಾರಿಯಾದ ಅರ್ಜಿಗಳು, ಹಾಕಿದ ಕೊಳವೆ ಮಾರ್ಗದ ಉದ್ದ.
ಇ) ದೊರೆತ ಫಲಿತಾಂಶ: ಪಿಂಚಣಿಯ ಹಣ ಫಲಾನುಭವಿಯ ಕೈಸೇರಿದ್ದು, ಮನೆಯ ನಳದಲ್ಲಿ ನೀರು ಬಂದದ್ದು.

ವ್ಯಾಪಾರದ ಲೆಕ್ಕದಲ್ಲಿ ದಿನದ ಮಾರಾಟವೇ ಲಾಭವಾಗುವುದಿಲ್ಲ. ಹಾಗೆಯೇ ವಿಲೇವಾರಿಯ ಸಂಖ್ಯೆಯೇ ಸೇವೆಯಾಗುವುದಿಲ್ಲ.

3. ಈ ಭಾಗದ ಅನುಭವ

ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 35 ಸೂಚಕಗಳನ್ನು ಬಳಸಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಅಳೆಯಲಾಯಿತು. 114 ತಾಲ್ಲೂಕುಗಳು ಹಿಂದುಳಿದವೆಂದು ಗುರುತಿಸಲ್ಪಟ್ಟು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿದವು. ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ಈ ಪಟ್ಟಿಯಲ್ಲಿದ್ದವು. ವಾಡಿ ಮತ್ತು ಶಹಾಬಾದ ಆಗ ಚಿತ್ತಾಪುರ ತಾಲ್ಲೂಕಿಗೇ ಸೇರಿದ್ದವು. ಶಹಾಬಾದ ಪ್ರತ್ಯೇಕ ತಾಲ್ಲೂಕಾದದ್ದು ನಂತರದ ವರ್ಷಗಳಲ್ಲಿ.

ಸಮಿತಿಯ ಸೂಚಕಗಳಲ್ಲಿ ಹತ್ತು ಸಾವಿರ ಜನಸಂಖ್ಯೆಗೆ ಇರುವ ವೈದ್ಯರ ಸಂಖ್ಯೆಯೂ ಇತ್ತು, ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಮಾಣವೂ ಇತ್ತು. ಮೊದಲನೆಯದು ಸಾಧನವನ್ನು ಅಳೆಯುತ್ತದೆ, ಎರಡನೆಯದು ಫಲಿತಾಂಶವನ್ನು ಅಳೆಯುತ್ತದೆ. ಶಾಲಾ ಕೊಠಡಿಗಳು ಹೆಚ್ಚಿದರೂ ಮಕ್ಕಳು ಹೊರಗೇ ಉಳಿದಿದ್ದರೆ ಅದನ್ನು ಎರಡನೆಯ ಬಗೆಯ ಸೂಚಕ ಮಾತ್ರ ತಿಳಿಸಬಲ್ಲದು.

ಪಟ್ಟಣಗಳ ನೀರು ಸರಬರಾಜು, ಒಳಚರಂಡಿ, ಘನತ್ಯಾಜ್ಯ ನಿರ್ವಹಣೆ ಮತ್ತು ಮಳೆ ನೀರು ಚರಂಡಿಗಳಿಗೆ ಸಂಬಂಧಿಸಿದಂತೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ಸೇವಾ ಮಟ್ಟದ ಮಾನದಂಡಗಳನ್ನು ಪ್ರಕಟಿಸಿತು. ಅದರಂತೆ ಕುಡಿಯುವ ನೀರಿಗೆ ದಿನವೊಂದಕ್ಕೆ ತಲಾ 135 ಲೀಟರ್ ಗುರಿಯಾಗಿದೆ. ಇಲ್ಲಿ ಅಳೆಯಬೇಕಾದದ್ದು ಮೇಲ್ಮಟ್ಟದ ತೊಟ್ಟಿಗೆ ಏರಿಸಿದ ನೀರನ್ನಲ್ಲ, ಮನೆಗೆ ತಲುಪಿದ ನೀರನ್ನು. ಇವೆರಡರ ನಡುವಿನ ಅಂತರವೇ ಸೋರಿಕೆ ಮತ್ತು ಲೆಕ್ಕಕ್ಕೆ ಸಿಗದ ನೀರು.

4. ಸಕಾಲ ಸೇವೆಗಳಲ್ಲಿ ಗಮನಿಸಬೇಕಾದ ಅಂಶ

2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮವು 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಅನುಷ್ಠಾನಗೊಂಡಿತು. ಪ್ರತಿ ಸೇವೆಗೂ ಕಾಲಮಿತಿ ನಿಗದಿಯಾಗಿದ್ದು, ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಕಾಲಮಿತಿ ಎಂಬುದು ಅತ್ಯುತ್ತಮ ಸೂಚಕ. ಆದರೆ ಅದೊಂದೇ ಸಾಲದು.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. ಒಂದು ಕಚೇರಿಗೆ 100 ಅರ್ಜಿಗಳು ಬಂದು, 95 ಅರ್ಜಿಗಳು ಕಾಲಮಿತಿಯೊಳಗೆ ವಿಲೇವಾರಿಯಾದವು. ಅವುಗಳಲ್ಲಿ 40 ಅರ್ಜಿಗಳು ದಾಖಲೆ ಸಾಲದೆಂದು ತಿರಸ್ಕೃತವಾದವು. ಎರಡನೆಯ ಕಚೇರಿಯು 85 ಅರ್ಜಿಗಳನ್ನು ಮಾತ್ರ ಕಾಲಮಿತಿಯೊಳಗೆ ಮುಗಿಸಿತು, ಆದರೆ 80 ಜನರಿಗೆ ಸೇವೆ ದೊರೆಯಿತು. ವಿಲೇವಾರಿಯನ್ನಷ್ಟೇ ನೋಡಿದರೆ ಮೊದಲ ಕಚೇರಿ ಮುಂದಿದೆ. ನಾಗರಿಕರಿಗೆ ಉಪಯೋಗವಾದದ್ದು ಎರಡನೆಯ ಕಚೇರಿಯಿಂದ.

ಚಿಂಚೋಳಿ ತಾಲ್ಲೂಕಿನ ತಾಂಡಾವೊಂದರಿಂದ ವೃದ್ಧೆಯೊಬ್ಬರು ಪಿಂಚಣಿಗೆ ಅರ್ಜಿ ಸಲ್ಲಿಸಿದರೆಂದು ಭಾವಿಸೋಣ. ಆದೇಶ ಪತ್ರ ಸಕಾಲದಲ್ಲಿ ಹೊರಟರೆ ಕಡತ ಮುಕ್ತಾಯವಾಯಿತು. ಬ್ಯಾಂಕ್ ಖಾತೆಯ ವಿವರ ಹೊಂದಿಕೆಯಾಗದೆ ಹಣ ಜಮೆಯಾಗದಿದ್ದರೆ ಅವರ ಪಾಲಿಗೆ ಏನೂ ಆದಂತಾಗಲಿಲ್ಲ. ಇನ್ನು ಕಿಟಕಿಯಲ್ಲಿಯೇ ಬಾಯಿಮಾತಿನಲ್ಲಿ ಹಿಂದಿರುಗಿಸಿದ ಅರ್ಜಿಯು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

5. ಉತ್ತಮ ಸೂಚಕದ ಲಕ್ಷಣಗಳು

ಅ) ಅರ್ಜಿದಾರರು ಯಾವ ಉದ್ದೇಶಕ್ಕಾಗಿ ಬಂದರೋ ಅದನ್ನೇ ಅಳೆಯತಕ್ಕದ್ದು.
ಆ) ಕಚೇರಿಯ ದಿನನಿತ್ಯದ ದಾಖಲೆಗಳಿಂದಲೇ ದೊರೆಯುವಂತಿರಬೇಕು.
ಇ) ಎಲ್ಲ ಪಟ್ಟಣಗಳಲ್ಲಿ ಒಂದೇ ವ್ಯಾಖ್ಯೆ ಇರಬೇಕು. ರೈಲ್ವೆ ಜಂಕ್ಷನ್ ಆಗಿರುವ ವಾಡಿಯ ಒಟ್ಟು ಸಂಖ್ಯೆಯನ್ನು, ಅರಣ್ಯದಂಚಿನ ಊರುಗಳುಳ್ಳ ಚಿಂಚೋಳಿಯ ಒಟ್ಟು ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸದೆ, ನೂರು ಅರ್ಜಿಗಳಿಗೆ ಇಷ್ಟು ಎಂಬಂತೆ ಲೆಕ್ಕ ಹಾಕಬೇಕು.
ಈ) ಒಂದು ಸೂಚಕಕ್ಕೆ ಇನ್ನೊಂದು ಕಾವಲಿರಬೇಕು. ವಿಲೇವಾರಿಯ ಜೊತೆಗೆ ತಿರಸ್ಕಾರದ ಪ್ರಮಾಣ, ಮರು ಅರ್ಜಿಗಳ ಸಂಖ್ಯೆ ಮತ್ತು ಅರ್ಜಿದಾರರು ಕಚೇರಿಗೆ ಅಲೆದ ಸಲ ಇವುಗಳನ್ನೂ ನೋಡಬೇಕು.
ಉ) ಸಂಖ್ಯೆ ಕಡಿಮೆಯಾದ ಕಾರಣಕ್ಕೆ ಶಿಕ್ಷೆಯೊಂದೇ ಪರಿಹಾರವಾಗಬಾರದು. ಹಾಗಾದಲ್ಲಿ ಕೆಲಸಕ್ಕಿಂತ ವರದಿಯೇ ಸುಧಾರಿಸುವ ಸಂಭವವಿರುತ್ತದೆ. ಕಾರಣವನ್ನು ಹುಡುಕಲು ಸೂಚಕ ಬಳಕೆಯಾಗಬೇಕು.

6. ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಅ) ಅರ್ಜಿ ಸಲ್ಲಿಸಿದ ಕೂಡಲೇ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೇ ಪಡೆಯುವುದು. ಸ್ವೀಕೃತಿಯಿಲ್ಲದ ಅರ್ಜಿಗೆ ಕಾಲಮಿತಿ ಅನ್ವಯಿಸಲು ಆಧಾರವಿರುವುದಿಲ್ಲ.
ಆ) ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು.
ಇ) ತಿರಸ್ಕಾರ ಅಥವಾ ಕಾಲಮಿತಿ ಮುಗಿದ ದಿನಾಂಕದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.
ಈ) ಪ್ರಮಾಣ ಪತ್ರದಲ್ಲಿ ಹೆಸರು, ದಿನಾಂಕ ಸರಿಯಿವೆಯೇ ಎಂದು ಅಲ್ಲಿಯೇ ಪರಿಶೀಲಿಸುವುದು.
ಉ) ಆದೇಶವಾದರೂ ಹಣ ಅಥವಾ ನೀರು ತಲುಪದಿದ್ದಲ್ಲಿ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು.

ದಾಖಲಾಗದ ಕಷ್ಟವು ಯಾವ ಸೂಚಕದಲ್ಲಿಯೂ ಕಾಣುವುದಿಲ್ಲ. ನಾಗರಿಕರು ಪಡೆಯುವ ಪ್ರತಿಯೊಂದು ಸ್ವೀಕೃತಿ ಮತ್ತು ಸಲ್ಲಿಸುವ ಪ್ರತಿಯೊಂದು ಲಿಖಿತ ದೂರು ಕಚೇರಿಯ ಲೆಕ್ಕವನ್ನು ಸತ್ಯಕ್ಕೆ ಹತ್ತಿರ ತರುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.