ಕಣ್ಣಿನ ಬೂಷ್ಟಿಗೆ ಹನಿ ಮದ್ದು



ಕನಕಪುರ, ಆನೇಕಲ್ ಕಡೆ ರಾಗಿ ಒಕ್ಕಣೆ ಶುರುವಾಯಿತೆಂದರೆ ಕಣದ ತುಂಬ ಧೂಳು, ಹೊಟ್ಟು. ತೂರುವಾಗ ಒಂದು ಸಿಬಿರು ಹಾರಿ ಕಣ್ಣಿಗೆ ಬೀಳುತ್ತದೆ. ಇಲ್ಲವೇ ಜೋಳದ ಗರಿ ಕಣ್ಣಿಗೆ ಗೀರುತ್ತದೆ. "ಏನು ಮಹಾ, ನಾಳೆಗೆ ಸರಿಹೋಗುತ್ತೆ ಬಿಡು" ಅಂತ ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನಾಗುತ್ತೇವೆ. ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ನೋಡಲಾಗದಂತೆ ಚುಚ್ಚುತ್ತದೆ. ಕರಿಗುಡ್ಡೆಯ ಮೇಲೆ ಬೂದು ಬಿಳುಪಿನ ಚುಕ್ಕೆ ಕಾಣುತ್ತದೆ. ಇದು ಬೂಷ್ಟು ಹತ್ತಿ ಆದ ಹುಣ್ಣಿರಬಹುದು. ತೊಗರಿಗೆ, ಬಾಳೆಗೆ ಸೊರಗು ರೋಗ ತರುವ ಫ್ಯುಸೇರಿಯಂ ಎಂಬ ಬೂಷ್ಟಿನ ಕುಲವೇ ಕಣ್ಣಿಗೂ ಹತ್ತುತ್ತದೆ.

ಇದಕ್ಕೆ ಮದ್ದು ಇದೆ. ಆದರೆ "ಎರಡು ದಿನ ಹನಿ ಬಿಟ್ಟೆ, ಗುಣ ಕಾಣಲಿಲ್ಲ" ಎಂದು ಬಿಟ್ಟುಬಿಡುವವರು ಬಹಳ. ಹನಿ ಮದ್ದು ಕಣ್ಣಿನೊಳಗೆ ಹೇಗೆ ಇಳಿಯುತ್ತದೆಂದು ತಿಳಿದರೆ ಹಾಗೆ ಬಿಡುವುದಿಲ್ಲ.

ಕರಿಗುಡ್ಡೆಯ ಮುಂದೆ ಗಾಜಿನಂಥ ತಿಳಿಯಾದ ಒಂದು ಪೊರೆ ಇದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರ ಮೇಲುಪದರ ಜಿಡ್ಡಿನ ಸ್ವಭಾವದ್ದು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಹಾಗೆ ನೀರಿನಲ್ಲಿ ಕರಗುವ ಮದ್ದನ್ನು ಇದು ಸುಲಭವಾಗಿ ಒಳಗೆ ಬಿಡದು. ನಡುಪದರವೇ ಬಹುಪಾಲು ದಪ್ಪ. ಅದು ನೀರುಂಡ ಗದ್ದೆಯಂಥದು, ಅಲ್ಲಿ ಜಿಡ್ಡಿನ ಮದ್ದು ತಡೆಯುತ್ತದೆ. ಒಳಗಡೆ ಇನ್ನೊಂದು ತೆಳುಪದರ. ಎಣ್ಣೆಗೂ ನೀರಿಗೂ ಹೊಂದುವ ಮದ್ದು ಮಾತ್ರ ಎರಡು ಬಾಗಿಲನ್ನೂ ದಾಟೀತು.

ಇನ್ನೊಂದು ತೊಡಕು ಕಣ್ಣೀರು. ನಾವು ಬಿಡುವ ಒಂದು ಹನಿಯನ್ನು ಪೂರ್ತಿ ಹಿಡಿದಿಡುವಷ್ಟು ಜಾಗ ಕಣ್ಣಿನಲ್ಲಿಲ್ಲ. ಉಳಿದದ್ದನ್ನು ಕಣ್ಣೀರು ಐದಾರು ನಿಮಿಷದಲ್ಲಿ ತೊಳೆದು ಮೂಗಿನ ಕಡೆ ಹರಿಸುತ್ತದೆ. ನೂರು ಪಾಲಿನಲ್ಲಿ ಐದು ಪಾಲು ಸಹ ಒಳಗೆ ಸೇರುವುದು ಕಷ್ಟ. ಅದಕ್ಕೇ ಡಾಕ್ಟರು ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹನಿ ಬಿಡಿ ಎನ್ನುವುದು.

ಬೂಷ್ಟಿಗೆ ಹೆಚ್ಚಾಗಿ ಕೊಡುವ ಮದ್ದು ನಾಟಮೈಸಿನ್. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಸೀಮೆಯ ಮಣ್ಣಿನ ಜೀವಾಣುವಿನಿಂದ ದೊರೆತದ್ದು ಇದು. ನೀರಿನಲ್ಲಿ ಸರಿಯಾಗಿ ಕರಗದು, ಅಣುವೂ ದೊಡ್ಡದು. ಆದ್ದರಿಂದ ಆಳಕ್ಕೆ ಇಳಿಯುವುದು ಕಡಿಮೆ. ಪುಡಿ ತಳಕ್ಕೆ ಕೂರುತ್ತದೆ, ಸೀಸೆ ಕುಲುಕಿಯೇ ಬಿಡಬೇಕು. ವೋರಿಕೊನಜೋಲ್ ಎಂಬ ಇನ್ನೊಂದು ಮದ್ದು ಒಳಗೆ ಚೆನ್ನಾಗಿ ಇಳಿಯುತ್ತದೆ.

ಹಾಗಾದರೆ ಇಳಿಯುವುದೇ ಮೇಲಲ್ಲವೇ ಎಂದು ಕೇಳಬಹುದು. ಮಧುರೆಯ ಅರವಿಂದ ಕಣ್ಣಾಸ್ಪತ್ರೆ ಮತ್ತಿತರ ಕಡೆ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಟಮೈಸಿನ್ನೇ ಮೇಲಾಯಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣಿಗೆ. ಒಳಗೆ ಇಳಿಯುವುದಷ್ಟೇ ಸಾಲದು, ಬೂಷ್ಟನ್ನು ಕೊಲ್ಲಲೂ ಬೇಕು. ಆದರೆ ಹುಣ್ಣು ಆಳಕ್ಕೆ ಹೋದ ಮೇಲೆ ನಾಟಮೈಸಿನ್ನಿಗೂ ಕಷ್ಟ. ಆಗ ಸೂಜಿಮದ್ದೋ, ಕಾರ್ನಿಯಾ ಕಸಿಯೋ ಬೇಕಾದೀತು. ಬೇಗ ಹೋಗಿ ಎಂದು ಹೇಳುವುದು ಇದಕ್ಕಾಗಿ. ಡಾಕ್ಟರು ಹುಣ್ಣನ್ನು ಮೆಲ್ಲಗೆ ಕೆರೆದು ಪರೀಕ್ಷೆಗೆ ತೆಗೆಯುವರು, ಹೆದರಬೇಡಿ. ಮೇಲುಪದರ ಹೋದರೆ ಮದ್ದು ಒಳಗೆ ಇಳಿಯಲೂ ದಾರಿಯಾಗುತ್ತದೆ.

ನೆನಪಿಡಬೇಕಾದ್ದು ಇಷ್ಟು. ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಸೊಪ್ಪಿನ ರಸ, ಎದೆಹಾಲು ಹಾಕಬೇಡಿ. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಹನಿ ಖಂಡಿತ ಬೇಡ. ಕೆಂಪು ಇಳಿದಂತೆ ಕಂಡರೂ ಒಳಗೆ ಬೂಷ್ಟು ಹಬ್ಬುತ್ತದೆ. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಬಿಟ್ಟು ಕಣ್ಣು ಮುಚ್ಚಿಕೊಳ್ಳಿ. ಎರಡನೆಯ ಮದ್ದಿದ್ದರೆ ಐದು ನಿಮಿಷ ತಡೆದು ಬಿಡಿ. ವಾರಗಟ್ಟಲೆ ಬೇಕಾದೀತು, ಡಾಕ್ಟರು ಹೇಳದೆ ನಿಲ್ಲಿಸಬೇಡಿ.

ಕನಕಪುರ ರಸ್ತೆಯಿಂದ ಬರುವವರು ಬನಶಂಕರಿಯಲ್ಲಿ ಮೆಟ್ರೋ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ 1896ರಿಂದ ನಡೆದುಬಂದಿರುವ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಹತ್ತಿರದಲ್ಲೇ ಸಿಗುತ್ತದೆ. ಕಣ್ಣು ಚುಚ್ಚಿ ಬಿಳಿ ಚುಕ್ಕೆ ಕಂಡ ದಿನವೇ ಹೊರಡಿ. ಒಕ್ಕಣೆ ಮುಗಿಯಲಿ ಎಂದು ಕಾಯಬೇಡಿ.