ಮುಕ್ಕಾಲಿಯ ಮೇಲಿಟ್ಟರೂ ಚಿತ್ರ ಮಸುಕೇಕೆ?

ಡಿಜಿಟಲ್ ಕ್ಯಾಮೆರಾವನ್ನು ಟ್ರೈಪಾಡ್ ಎಂಬ ಮುಕ್ಕಾಲಿಯ ಮೇಲೆ ನಿಲ್ಲಿಸಿಬಿಟ್ಟರೆ ಚಿತ್ರವು ತಾನಾಗಿಯೇ ಸ್ಫುಟವಾಗಿ ಬರುವುದೆಂದು ನಾವೂ ಬಹುಕಾಲ ನಂಬಿದ್ದೆವು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಒಬ್ಬ ನೇಕಾರರ ಪಡಸಾಲೆಯಲ್ಲಿ ಆ ನಂಬಿಕೆಯು ಕರಗಿಹೋಯಿತು.

ಆ ಊರು ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದುದೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಆತಿಥೇಯರ ತಂದೆಯವರು ನೇಯ್ದ ಸೀರೆಯೊಂದು ಅವರ ಸೋದರತ್ತೆಯವರಲ್ಲಿ ಉಳಿದಿತ್ತು. ಸೆರಗಿನ ನಮೂನೆಯ ಜಕಾರ್ಡ್ ರಟ್ಟುಗಳು ಎಂದೋ ಗೆದ್ದಲಿನ ಪಾಲಾಗಿದ್ದವು. ಎಳೆಯೆಳೆಯೂ ಎಣಿಕೆಗೆ ಸಿಕ್ಕುವಂಥ ಚಿತ್ರವೊಂದಿದ್ದರೆ ಗ್ರಾಫ್ ಕಾಗದದ ಮೇಲೆ ನಮೂನೆಯನ್ನು ಮತ್ತೆ ಬರೆಯಬಹುದಾಗಿತ್ತು. ಆ ತಾಯಿಯಾದರೋ ಮರುದಿನ ಬೆಳಗ್ಗೆ ಸೀರೆಯೊಡನೆ ಅನಂತಪುರಕ್ಕೆ ಹೊರಡುವವರಿದ್ದರು.

ಸೆರಗನ್ನು ಹಲಗೆಗೆ ಬಿಗಿದು, ಒಂದು ಪಕ್ಕ ಮಸುಕಾಗದಂತೆ ಕ್ಯಾಮೆರಾವನ್ನು ಅದಕ್ಕೆ ನೇರವಾಗಿ ನಿಲ್ಲಿಸಿದೆವು. ಮೊದಲ ಚಿತ್ರಗಳು ಪುಟ್ಟ ಪರದೆಯಲ್ಲಿ ಸೊಗಸಾಗಿಯೇ ಕಂಡವು. ಹಿಗ್ಗಿಸಿ ನೋಡಿದರೆ ಜರಿಯೆಲ್ಲ ಹೊಗೆ! ಅದರ ಹೊಳಪಿಗೆ ಆಟೋಫೋಕಸ್ ಮರುಳಾಗಿ ಹಿಂದುಮುಂದಾಡುತ್ತಿದ್ದಿತು. ಆದಕಾರಣ ಅದನ್ನು ನಿಲ್ಲಿಸಿ, ಪರದೆಯಲ್ಲಿ ಸೆರಗಿನ ಗಂಡಭೇರುಂಡವನ್ನು ಹತ್ತು ಪಟ್ಟು ಹಿಗ್ಗಿಸಿಕೊಂಡು, ಲೆನ್ಸಿನ ಬಳೆಯನ್ನು ಕೈಯಿಂದಲೇ ತಿರುಗಿಸಿದೆವು. ಹಾಸೂ ಹೊಕ್ಕೂ ಬೇರೆಬೇರೆಯಾಗಿ ಕಾಣುವ ಎಡೆಯನ್ನು ಒಮ್ಮೆ ದಾಟಿಹೋಗಿ, ಹಿಂದಿರುಗಿ, ಅಲ್ಲಿಯೇ ನಿಲ್ಲಿಸಬೇಕು. ಇಷ್ಟು ನಿಧಾನಕ್ಕೆ ಎಡೆಗೊಡುವುದೇ ಮುಕ್ಕಾಲಿಯ ದೊಡ್ಡ ಉಪಕಾರವೆಂದು ನಮ್ಮ ಅಭಿಪ್ರಾಯ. ಕೈನಡುಕವನ್ನು ತಡೆಯುವ ಏರ್ಪಾಡನ್ನೂ ಆರಿಸಿದೆವು; ನಡುಕವಿಲ್ಲದೆಡೆ ಅದು ತಾನೇ ನಡುಕವನ್ನು ಹುಟ್ಟಿಸುವುದುಂಟು. ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟೆವು. ಎಫ್ 22ರವರೆಗೆ ಕಿರಿದುಮಾಡಿದರೆ ಬೆಳಕು ಕಿಂಡಿಯ ಅಂಚಿನಲ್ಲಿ ಚೆದರಿ ಸ್ಫುಟತೆಯು ಕುಗ್ಗುತ್ತದೆ. ಗುಂಡಿಯನ್ನೊತ್ತುವ ಬೆರಳೂ ಕ್ಯಾಮೆರಾವನ್ನು ಅಲುಗಿಸುವುದರಿಂದ ಆ ಕೆಲಸವನ್ನು 2 ಸೆಕೆಂಡಿನ ಟೈಮರಿಗೆ ಒಪ್ಪಿಸಿದೆವು.

ಇಷ್ಟಾದರೂ ಅರ್ಧ ಸೆಕೆಂಡಿನ ಚಿತ್ರಗಳು ಅಲುಗಿಯೇ ಬಂದವು. ನಾವು ಲೆನ್ಸನ್ನು ಶಂಕಿಸುತ್ತಿರಲು, ಮನೆಯಾಕೆಯು ನೆಲದ ಮೇಲಿದ್ದ ಚೊಂಬನ್ನು ತೋರಿಸಿದರು. ನೀರಿನಲ್ಲಿ ಸಣ್ಣ ಅಲೆಗಳೇಳುತ್ತಿದ್ದವು! ಗೋಡೆಯಾಚೆಯ ವಿದ್ಯುತ್ ಮಗ್ಗದ ಹೊಡೆತವು ನೆಲವನ್ನು ಹಿಡಿದು ಮುಕ್ಕಾಲಿಯ ಕಾಲುಗಳನ್ನೇರಿ ಬರುತ್ತಿದ್ದಿತು. (ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ಕೃಷ್ಣಮೃಗಗಳ ಚಿತ್ರ ತೆಗೆಯಹೋಗುವ ಮಿತ್ರರಿಗೂ ಒಂದು ಮಾತು: ಬಿಸಿಲೇರಿದ ಮೇಲೆ ನೆಲದ ಕಾವಿನಿಂದ ನಡುಗುವ ಗಾಳಿಗೆ ಯಾವ ಮುಕ್ಕಾಲಿಯೂ ಮದ್ದಲ್ಲ, ಬೆಳಗ್ಗೆಯೇ ಹೋಗತಕ್ಕದ್ದು.)

ಮಧ್ಯಾಹ್ನದ ಊಟಕ್ಕೆ ಮಗ್ಗವು ನಿಂತಿತು. ಮುಕ್ಕಾಲಿಯ ನಡುಗಂಬವನ್ನು ಪೂರ್ತಿಯಾಗಿ ಇಳಿಸಿ ಏಳು ಚಿತ್ರಗಳನ್ನು ತೆಗೆದೆವು. ಸಂಜೆ ನಮ್ಮ ಆತಿಥೇಯರು ಲ್ಯಾಪ್‌ಟಾಪಿನ ಮುಂದೆ ಕುಳಿತು ಹಕ್ಕಿಯ ರೆಕ್ಕೆಯೊಂದರ ಎಳೆಗಳನ್ನು ಎಣಿಸತೊಡಗಿದರು. ನೂರರ ಮೇಲೆ ಲೆಕ್ಕ ತಪ್ಪಿತು. “ಮೊದಲಿಂದ ಎಣಿಸಪ್ಪ,” ಎಂದರು ಸೋದರತ್ತೆ, ಸೀರೆಯನ್ನು ಮಡಿಸುತ್ತ.